ಉಚಿತ ಪಾಸ್‌ಗೆ ಉದ್ದ ಸಾಲು: ಬಯಲು ರಂಗಮಂದಿರದ ಸೀಟು ಯಾರ ಪಾಲು?

ಬೆಳಿಗ್ಗೆ ಆರೂವರೆ. ದಸರಾ ದಿನಗಳು. ಹಸ್ತ ಮಳೆ ರಾತ್ರಿಯೆಲ್ಲ ಸುರಿದು ಆಗಷ್ಟೇ ನಿಂತಿತ್ತು. ಮೈಸೂರಿನ ಒಂದು ಕೌಂಟರ್ ಮುಂದೆ ನಾನೂ ಹೋಗಿ ಸಾಲಿಗೆ ಸೇರಿಕೊಂಡೆ. ಸಂಜೆ ಬಯಲು ರಂಗಮಂದಿರದಲ್ಲಿ ನಾಟಕ. ಪ್ರವೇಶ ಉಚಿತ, ಆದರೆ ಪಾಸ್ ಬೇಕು. ಹನ್ನೊಂದು ಗಂಟೆಗೆ ಪಾಸ್ ಕೊಡುತ್ತೇವೆ ಎಂದು ಹೇಳಿದ್ದರು. ನನ್ನ ಮುಂದೆ ಆಗಲೇ ಎಂಬತ್ತು ತೊಂಬತ್ತು ಜನ ಇದ್ದರು.

ನನ್ನ ಮುಂದಿದ್ದವರು ಒಬ್ಬ ಅಜ್ಜಿ. ಜೊತೆಗೆ ಹತ್ತು ಹನ್ನೊಂದು ವರ್ಷದ ಮೊಮ್ಮಗಳು. ಕಿರುಗಾವಲು ಕಡೆಯ ಹಳ್ಳಿಯವರು.

"ಎಷ್ಟೊತ್ತಿಗೆ ಬಂದ್ರಿ ಅಜ್ಜಿ?" ಎಂದೆ.

"ಮೊದಲ್ನೇ ಬಸ್ಗೇ ಬಂದೊ ಕನಪ್ಪ. ಈ ಕೂಸು ನಾಟ್ಕ ನೋಡ್ಬೇಕು ಅಂತ ಒಂದೇ ಹಟ. ದುಡ್ಡಿಲ್ವಂತೆ, ಸುಮ್ನೆ ಕೊಡ್ತಾರಂತೆ ಅಂದ್ರು."

ಅಜ್ಜಿಯ ಚೀಲದಲ್ಲಿ ಚಿತ್ರಾನ್ನದ ಡಬ್ಬಿ ಇತ್ತು. ಎಂಟು ಗಂಟೆಗೆ ಬಿಚ್ಚಿ ನನಗೂ ಒಂದು ತುತ್ತು ಕೊಟ್ಟರು. ಒಂಬತ್ತಕ್ಕೆ ಬಿಸಿಲು ಬಂತು. ಹತ್ತಕ್ಕೆ ಅಜ್ಜಿ ಚಪ್ಪಲಿ ಬಿಟ್ಟು ಅದರ ಮೇಲೇ ಕುಳಿತರು. ಹನ್ನೊಂದಾಯಿತು, ಕೌಂಟರ್ ತೆರೆಯಲಿಲ್ಲ. ಹನ್ನೊಂದೂವರೆಗೆ ತೆರೆಯಿತು. ಸಾಲು ಸ್ವಲ್ಪ ಮುಂದೆ ಹೋಯಿತು, ನಿಂತಿತು, ಮತ್ತೆ ಹೋಯಿತು. ಹನ್ನೆರಡರ ಹೊತ್ತಿಗೆ ಒಳಗಿನಿಂದ ಒಂದು ಕೈ ಹೊರಗೆ ಬಂದು ಆಡಿತು. "ಮುಗೀತು. ಪಾಸ್ ಇಲ್ಲ."

ಮುಗಿದಿದ್ದಕ್ಕೆ ನನಗೆ ಬೇಜಾರಿಲ್ಲ. ಸೀಟು ಕಮ್ಮಿ, ಜನ ಜಾಸ್ತಿ ಅಂದರೆ ಮುಗಿಯುತ್ತದೆ. ಬೇಜಾರಾದದ್ದು ಬೇರೆ ಕಾರಣಕ್ಕೆ. ಈ ಕೌಂಟರಿಗೆ ಎಷ್ಟು ಪಾಸ್ ಬಂದಿದೆ ಎಂದು ಬೆಳಿಗ್ಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೆ ತೊಂಬತ್ತನೇ ಜಾಗದಲ್ಲಿ ನಿಂತ ಅಜ್ಜಿಗೆ ಏಳು ಗಂಟೆಗೇ ಗೊತ್ತಾಗುತ್ತಿತ್ತು. ಕೂಸನ್ನು ಕರೆದುಕೊಂಡು ಮೃಗಾಲಯಕ್ಕಾದರೂ ಹೋಗಬಹುದಿತ್ತು. ಐದು ಗಂಟೆ ನಿಲ್ಲಿಸಿ ಆಮೇಲೆ ಇಲ್ಲ ಅನ್ನುವುದು ಬೇರೆ ಮಾತು.

ಅಂದಿನಿಂದ ಈ ವಿಷಯ ನನ್ನ ತಲೆಯಲ್ಲಿ ಕೂತಿದೆ. ಉಚಿತ ಅನ್ನುವ ಟಿಕೆಟ್‌ಗೆ ನಿಜವಾಗಿ ಎಷ್ಟು ಬೆಲೆ? ಅದನ್ನು ಯಾರು ಕೊಡುತ್ತಿದ್ದಾರೆ?

ಬಿಟ್ಟಿ ಎಂಬ ಮಾತು

ನಮ್ಮ ಭಾಷೆಯಲ್ಲಿ ಬಿಟ್ಟಿ ಎಂಬ ಪದ ಇದೆ. ಬಿಟ್ಟಿ ಊಟ, ಬಿಟ್ಟಿ ಟಿಕೆಟ್ ಅಂದರೆ ದುಡ್ಡಿಲ್ಲದೆ ಸಿಕ್ಕಿದ್ದು. ಬಿಟ್ಟಿ ಚಾಕರಿ ಅಂದರೆ ಕೂಲಿ ಇಲ್ಲದೆ ಮಾಡಿದ ಕೆಲಸ. ಹಳೆಯ ಕಾಲದಲ್ಲಿ ಈ ಎರಡನೆಯ ಅರ್ಥವೇ ಮುಖ್ಯವಾಗಿತ್ತು. ಆಳುವವರಿಗೆ ಜನ ಪುಕ್ಕಟೆಯಾಗಿ ದುಡಿದುಕೊಡಬೇಕಿದ್ದ ಕೆಲಸಕ್ಕೆ ಬಿಟ್ಟಿ ಎನ್ನುತ್ತಿದ್ದರು. ಪಾಸ್‌ನ ಸಾಲಿನಲ್ಲಿ ನಿಂತಾಗ ಎರಡೂ ಅರ್ಥ ಒಟ್ಟಿಗೆ ನಿಜವಾಗುತ್ತವೆ. ಟಿಕೆಟ್ ಬಿಟ್ಟಿ ಸಿಗುತ್ತದೆ, ನಿಂತ ಹೊತ್ತೂ ಬಿಟ್ಟಿ ಹೋಗುತ್ತದೆ.

ಲೆಕ್ಕ ಹಾಕಿ ನೋಡೋಣ. 2025-26ರಲ್ಲಿ ಕರ್ನಾಟಕದಲ್ಲಿ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಬೆಳಿಗ್ಗೆ ಪಾಸ್‌ಗಾಗಿ ನಿಂತು, ಸಂಜೆ ನಾಟಕಕ್ಕೆ ಕಾದರೆ ಹಳ್ಳಿಯಿಂದ ಬಂದವರಿಗೆ ಒಂದು ದಿನ ಪೂರ್ತಿ ಹೋಯಿತು. ಅಂದರೆ ಆ ಟಿಕೆಟ್‌ನ ಬೆಲೆ 370 ರೂಪಾಯಿ, ಅದರ ಮೇಲೆ ಮಧ್ಯಾಹ್ನದ ಊಟ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಸರ್ಕಾರಿ ಬಸ್ಸಿನ ಚಾರ್ಜು ಉಳಿಯುತ್ತದೆ. ಅಜ್ಜಿ, ಮೊಮ್ಮಗಳು ಇಬ್ಬರೂ ಬರಲು ಸಾಧ್ಯವಾದದ್ದು ಅದರಿಂದಲೇ ಇರಬೇಕು. ಆದರೆ ಹೊತ್ತಿನ ಖರ್ಚನ್ನು ಯಾವ ಯೋಜನೆಯೂ ಕೊಡುವುದಿಲ್ಲ, ಅಲ್ವಾ?

ಸಾಲಿನ ಪರವಾಗಿ ಒಂದು ಮಾತು ಖಂಡಿತ ಇದೆ. ದುಡ್ಡು ಎಲ್ಲರ ಹತ್ತಿರ ಒಂದೇ ಸಮ ಇಲ್ಲ, ಆದರೆ ದಿನಕ್ಕೆ 24 ಗಂಟೆ ಎಲ್ಲರಿಗೂ ಇದೆ. ದುಡ್ಡಿನ ಬದಲು ಹೊತ್ತನ್ನು ಬೆಲೆಯಾಗಿ ಇಟ್ಟರೆ ಶ್ರೀಮಂತರೂ ಬಡವರೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಈ ಮಾತಿನಲ್ಲಿ ನನಗೆ ಇಂದಿಗೂ ನಂಬಿಕೆ ಇದೆ. ಆದರೆ ಪೂರ್ತಿ ನಂಬಿಕೆ ಇಲ್ಲ. ಮಂಡಿ ನೋವಿನ ಅಜ್ಜಿಯ ಐದು ಗಂಟೆಯೂ, ರಜೆಯಲ್ಲಿರುವ ಕಾಲೇಜು ಹುಡುಗನ ಐದು ಗಂಟೆಯೂ ಒಂದೇ ಅಲ್ಲ. ಮನೆಯಲ್ಲಿ ಹಸುಗೂಸು ಇರುವ ತಾಯಿ ಸಾಲಿಗೆ ಬರುವುದೇ ಇಲ್ಲ. ಗಾರೆ ಕೆಲಸದವರು, ಹೋಟೆಲ್ ಸಪ್ಲೈಯರು, ಸೆಕ್ಯೂರಿಟಿ ಗಾರ್ಡು ಇವರ ಹೊತ್ತು ಇವರ ಕೈಯಲ್ಲೇ ಇಲ್ಲ. ಸಾಲಿನಲ್ಲಿ ಇಲ್ಲದವರು ಯಾರು ಎಂದು ನಾವು ಎಣಿಸುವುದೇ ಇಲ್ಲ.

ನ್ಯೂಯಾರ್ಕಿನ ಆ ಸಾಲು

ಉಚಿತ ಬಯಲು ನಾಟಕದ ಸಾಲು ಎಂದರೆ ಜಗತ್ತಿನಲ್ಲಿ ಎಲ್ಲರೂ ಮೊದಲು ನೆನೆಯುವುದು ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕನ್ನು. ಅಲ್ಲಿ ಡೆಲಕೋರ್ಟ್ ಎಂಬ ಬಯಲು ರಂಗಮಂದಿರ ಇದೆ. ಸುಮಾರು 1800 ಸೀಟು. ಬೇಸಿಗೆಯಲ್ಲಿ ಷೇಕ್ಸ್‌ಪಿಯರ್ ನಾಟಕಗಳು. ಟಿಕೆಟ್ ಉಚಿತ. ಮಧ್ಯಾಹ್ನ ಹನ್ನೆರಡಕ್ಕೆ ಹಂಚುತ್ತಾರೆ, ಒಬ್ಬರಿಗೆ ಎರಡು. ಪಾರ್ಕಿನ ಗೇಟು ಬೆಳಿಗ್ಗೆ ಆರಕ್ಕೆ ತೆರೆಯುತ್ತದೆ. ದೊಡ್ಡ ನಟರ ನಾಟಕ ಇದ್ದರೆ ಜನ ಅದಕ್ಕೂ ಮೊದಲೇ ಹೊರಗಿನ ಫುಟ್‌ಪಾತ್‌ನಲ್ಲಿ ಚಾಪೆ ಹಾಸಿ ಕೂತಿರುತ್ತಾರೆ.

ಇದನ್ನು ಕಟ್ಟಿದವರು ಜೋಸೆಫ್ ಪ್ಯಾಪ್. ಬ್ರೂಕ್ಲಿನ್‌ನ ಬಡ ಮನೆಯಲ್ಲಿ ಬೆಳೆದವರು. ಸಾರ್ವಜನಿಕ ಲೈಬ್ರರಿಯಲ್ಲಿ ಪುಸ್ತಕ ಪುಕ್ಕಟೆ ಸಿಗುವ ಹಾಗೆ ನಾಟಕವೂ ಸಿಗಬೇಕು ಎಂಬುದು ಅವರ ನಿಲುವು. 1954ರಲ್ಲಿ ತಂಡ ಕಟ್ಟಿದರು. 1957ರ ಹೊತ್ತಿಗೆ ಸೆಂಟ್ರಲ್ ಪಾರ್ಕಿಗೆ ಬಂದರು. 1959ರಲ್ಲಿ ಜಗಳ ಶುರುವಾಯಿತು. ಆಗ ನಗರದ ಪಾರ್ಕುಗಳ ಅಧಿಕಾರಿ ರಾಬರ್ಟ್ ಮೋಸಸ್, ಭಾರೀ ಪ್ರಭಾವಿ. ಜನ ಕೂತು ಹುಲ್ಲು ಹಾಳಾಗುತ್ತದೆ, ಅದರ ಖರ್ಚಿಗೆ ಟಿಕೆಟ್ ಇಡಿ, ಇಲ್ಲದಿದ್ದರೆ ಪರ್ಮಿಷನ್ ಇಲ್ಲ ಎಂದರು. ಪ್ಯಾಪ್ ಒಪ್ಪಲಿಲ್ಲ. ಕೋರ್ಟಿಗೆ ಹೋದರು. ಮೇಲ್ಮನವಿಯಲ್ಲಿ ಗೆದ್ದರು. ಆಮೇಲೆ ಅದೇ ಮೋಸಸ್ ಪಾರ್ಕಿನಲ್ಲಿ ಕಾಯಂ ರಂಗಮಂದಿರ ಕಟ್ಟಲು ನಗರದಿಂದ ಹಣ ಕೇಳಿದರು. 1962ರಲ್ಲಿ ಡೆಲಕೋರ್ಟ್ ತೆರೆಯಿತು.

ಈ ಕಥೆಯಲ್ಲಿ ನನಗೆ ಬಹಳ ಹಿಡಿಸುವುದು ಒಂದು ಸಂಗತಿ. ಎರಡು ಡಾಲರ್ ಟಿಕೆಟ್ ಇಟ್ಟಿದ್ದರೆ ಪ್ಯಾಪ್‌ಗೆ ಎಷ್ಟೋ ತಲೆನೋವು ತಪ್ಪುತ್ತಿತ್ತು. ಸಣ್ಣ ಟಿಕೆಟ್, ಯಾರಿಗೂ ಭಾರ ಆಗಲ್ಲ ಎಂದು ಯಾರು ಬೇಕಾದರೂ ಹೇಳಬಹುದಿತ್ತು. ಆದರೆ ಅವರಿಗೆ ಗೊತ್ತಿತ್ತು. ಟಿಕೆಟ್ ಎಷ್ಟೇ ಸಣ್ಣದಿರಲಿ, ಗೇಟಿನಲ್ಲಿ ಪರ್ಸ್ ತೆಗೆಯಬೇಕು ಅನ್ನುವುದೇ ಕೆಲವರನ್ನು ದಾರಿಯಲ್ಲೇ ನಿಲ್ಲಿಸುತ್ತದೆ.

ಆದರೆ ಆ ಸಾಲಿನಲ್ಲೂ ದುಡ್ಡು ಹಿಂಬಾಗಿಲಿನಿಂದ ಬಂತು. ತಮ್ಮ ಬದಲು ಬೇರೆಯವರನ್ನು ಸಾಲಿನಲ್ಲಿ ನಿಲ್ಲಿಸಿ ಕೂಲಿ ಕೊಡುವುದು ಶುರುವಾಯಿತು. ಪುಕ್ಕಟೆ ಟಿಕೆಟ್‌ಗಳು ಇಂಟರ್‌ನೆಟ್‌ನಲ್ಲಿ ಮಾರಾಟಕ್ಕೆ ಬಂದವು. 2010ರಲ್ಲಿ ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ ಆಗಿದ್ದ ಆ್ಯಂಡ್ರೂ ಕ್ಯೂಮೊ ಅಂಥ ಜಾಹೀರಾತುಗಳನ್ನು ತೆಗೆಯಿರಿ ಎಂದು ಕ್ರೇಗ್ಸ್‌ಲಿಸ್ಟ್ ಎಂಬ ಆನ್‌ಲೈನ್ ಜಾಹೀರಾತು ತಾಣಕ್ಕೆ ಹೇಳಬೇಕಾಯಿತು. ನಮ್ಮ ಸಿನಿಮಾ ಥಿಯೇಟರ್ ಮುಂದೆ ಹಿಂದೆ ಬ್ಲಾಕ್‌ನಲ್ಲಿ ಮಾರುತ್ತಿದ್ದರಲ್ಲ, ಅದೇ ವ್ಯವಹಾರ. ಒಂದು ವ್ಯತ್ಯಾಸ ಇದೆ. ಸಿನಿಮಾ ಟಿಕೆಟ್‌ನ ಬ್ಲಾಕ್‌ನಲ್ಲಿ ಐವತ್ತರ ಟಿಕೆಟ್ ನೂರಕ್ಕೆ ಹೋಗುತ್ತದೆ. ಇಲ್ಲಿ ಊರಿನ ತೆರಿಗೆ, ದಾನಿಗಳ ಹಣ ಹಾಕಿ ಎಲ್ಲರಿಗೂ ಅಂತ ಇಟ್ಟ ಸೀಟು ಒಬ್ಬನ ಜೇಬಿಗೆ ಲಾಭವಾಗುತ್ತದೆ. ಇದು ಕಳ್ಳತನಕ್ಕೆ ಬಹಳ ಹತ್ತಿರ ಎಂದೇ ನನ್ನ ಅಭಿಪ್ರಾಯ.

ಅಲ್ಲಿನವರು ಕಾಲಕ್ಕೆ ತಕ್ಕಂತೆ ವ್ಯವಸ್ಥೆ ಬದಲಿಸಿದ್ದಾರೆ. ಪಾರ್ಕಿನ ಸಾಲು ಹಾಗೇ ಉಳಿದಿದೆ. ಅದರಲ್ಲಿ ಹಿರಿಯರಿಗೆ ಬೇರೆ ಸಾಲು. ನಗರದ ಬೇರೆ ಬೇರೆ ಭಾಗಗಳಲ್ಲೂ ಟಿಕೆಟ್ ಹಂಚುತ್ತಾರೆ. ದೂರದ ಬಡಾವಣೆಯವರು ಪಾರ್ಕಿನವರೆಗೆ ಬಂದು ರಾತ್ರಿ ಕಾಯಬೇಕಾಗಿಲ್ಲ. ಫೋನಿನಲ್ಲಿ ಲಾಟರಿ ಇದೆ. ದೊಡ್ಡ ದೇಣಿಗೆ ಕೊಟ್ಟವರಿಗೆ ಸೀಟು ಕಾಯ್ದಿರಿಸುವುದೂ ಉಂಟು. ಅದರ ಬಗ್ಗೆ ಅಲ್ಲೂ ತಕರಾರು ಇದೆ, ನನಗೂ ಇದೆ. ಸುಮಾರು 85 ಮಿಲಿಯನ್ ಡಾಲರ್ ಖರ್ಚು ಮಾಡಿ ದುರಸ್ತಿ ಮುಗಿಸಿ 2025ರ ಆಗಸ್ಟ್‌ನಲ್ಲಿ ಡೆಲಕೋರ್ಟ್ ಮತ್ತೆ ತೆರೆಯಿತು. ಅಷ್ಟು ಹಣ ಹಾಕಿದ ಮೇಲೂ ಟಿಕೆಟ್ ಉಚಿತವಾಗಿಯೇ ಉಳಿಯಿತು. ಇದು ಸಣ್ಣ ಮಾತಲ್ಲ.

ನಮ್ಮ ಬಯಲಿಗೆ ಸಾಲು ಇರಲಿಲ್ಲ

ಮೈಸೂರು, ಮಂಡ್ಯ ಕಡೆಯವರಿಗೆ ಬಯಲಲ್ಲಿ ಕೂತು ಪುಕ್ಕಟೆ ನಾಟಕ ನೋಡುವುದು ಹೊಸದೇನಲ್ಲ. ಮಂಡ್ಯ ಜಿಲ್ಲೆಯ ಹಳ್ಳಿಗಳಲ್ಲಿ ಪೌರಾಣಿಕ ನಾಟಕದ ಹುಚ್ಚು ಇಂದಿಗೂ ಇಳಿದಿಲ್ಲ. ಹಬ್ಬ, ಜಾತ್ರೆ ಬಂದರೆ ಕುರುಕ್ಷೇತ್ರ ಆಗಲೇಬೇಕು. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ತಾಲೀಮು ಮಾಡಿಸುತ್ತಾರೆ. ಸೀನರಿ, ಡ್ರೆಸ್ಸು ಬಾಡಿಗೆಗೆ ಬರುತ್ತವೆ. ಈ ಖರ್ಚನ್ನೆಲ್ಲ ಕೊಡುವವರು ಯಾರು? ಪಾತ್ರ ಮಾಡುವವರೇ! ದೊಡ್ಡ ಪಾತ್ರಕ್ಕೆ ಜಾಸ್ತಿ ದುಡ್ಡು, ಸಣ್ಣ ಪಾತ್ರಕ್ಕೆ ಕಡಿಮೆ. ಕಬ್ಬಿನ ದುಡ್ಡು ಬಂದ ವರ್ಷ ಕೃಷ್ಣನ ಪಾತ್ರ ಹಿಡಿದವರನ್ನು ನಾನು ಬಲ್ಲೆ. ನಟ ದುಡ್ಡು ಕೊಟ್ಟು ಕುಣಿಯುತ್ತಾನೆ, ಊರು ಸುಮ್ಮನೆ ಕೂತು ನೋಡುತ್ತದೆ. ಜಗತ್ತಿನಲ್ಲಿ ಇಂಥ ವ್ಯವಸ್ಥೆ ಎಷ್ಟು ಕಡೆ ಇದೆಯೋ! ಅದರ ಬೆಲೆ ನಮಗೇ ಗೊತ್ತಿಲ್ಲ.

ಮೈಸೂರಿನಲ್ಲೂ ಇದರ ಒಂದು ಎಳೆ ಇದೆ. ದಿವಾನ ರಂಗಾಚಾರ್ಲು ಅವರ ನೆನಪಿಗೆ 1884ರಲ್ಲಿ ಕಟ್ಟಿದ ಪುರಭವನದಲ್ಲಿ ಹಳ್ಳಿ ತಂಡಗಳು ಬಂದು ಪೌರಾಣಿಕ ನಾಟಕ ಆಡುತ್ತವೆ. ಬಾಗಿಲು ತೆರೆದೇ ಇರುತ್ತದೆ. ಯಾರು ಬೇಕಾದರೂ ಹೋಗಿ ಕೂರಬಹುದು.

ಈ ಯಾವುದರಲ್ಲೂ ಕ್ಯೂ ಇರಲಿಲ್ಲ. ಹಳ್ಳಿಯಲ್ಲಿ ಬೇಗ ಬಂದವರು ಮುಂದೆ ಚಾಪೆ ಹಾಸುತ್ತಾರೆ. ಮನೆಯ ಒಬ್ಬರು ಬಂದು ಕಂಬಳಿ ಹಾಸಿ ಹೋದರೆ ಸಾಕು, ಆ ಜಾಗ ಆ ಮನೆಗೆ ಸೇರಿತು. ತಡವಾಗಿ ಬಂದವರು ಜಗುಲಿ ಮೇಲೆ, ಗಾಡಿ ಮೇಲೆ, ಮರದ ಮೇಲೆ. ಯಾರನ್ನೂ ಇಲ್ಲ ಎಂದು ಹಿಂದೆ ಕಳಿಸುವ ಮಾತೇ ಇಲ್ಲ. ಬಯಲು ಅಂದರೆ ಅದೇ ತಾನೆ?

ಸಾಮಾನಿಟ್ಟು ಜಾಗ ಹಿಡಿಯುವ ಈ ರೂಢಿ ನಮ್ಮಲ್ಲಿ ಎಲ್ಲ ಕಡೆ ಇದೆ. ನಲ್ಲಿ ಮುಂದೆ ಕೊಡ ಸಾಲು ನಿಲ್ಲುತ್ತದೆ. ರೇಷನ್ ಅಂಗಡಿ ಮುಂದೆ ಚೀಲ, ಕಲ್ಲು. ಬಸ್ಸಿನ ಕಿಟಕಿಯಿಂದ ಟವೆಲ್. ಲಿಯಾನ್ ಮಾನ್ ಎಂಬ ಮನಶ್ಶಾಸ್ತ್ರಜ್ಞ ಮೆಲ್ಬರ್ನ್‌ನಲ್ಲಿ ಫುಟ್‌ಬಾಲ್ ಟಿಕೆಟ್‌ಗೆ ರಾತ್ರಿಯೆಲ್ಲ ಕಾಯುವವರನ್ನು ನೋಡಿ 1969ರಲ್ಲಿ ಒಂದು ಲೇಖನ ಬರೆದರು. ಅಲ್ಲೂ ಜನ ಪೆಟ್ಟಿಗೆ ಇಟ್ಟು ಜಾಗ ಹಿಡಿಯುತ್ತಿದ್ದರು, ಗುಂಪಿನವರು ಪಾಳಿ ಮೇಲೆ ಬಂದು ನಿಲ್ಲುತ್ತಿದ್ದರು. ಸಾಲಿನಲ್ಲಿ ನಿಂತವರು ತಮ್ಮತಮ್ಮಲ್ಲೇ ಕಾನೂನು ಮಾಡಿಕೊಳ್ಳುತ್ತಾರೆ ಎಂಬುದು ಅವರು ಕಂಡದ್ದು. ನಮ್ಮ ನಲ್ಲಿ ಕಟ್ಟೆಯ ಹೆಂಗಸರಿಗೆ ಇದು ಮೊದಲಿಂದಲೂ ಗೊತ್ತು. "ನನ್ನ ಕೊಡ ನೋಡ್ಕೊಳಕ್ಕ, ಈಗ ಬಂದೆ" ಅಂದರೆ ಆ ಕೊಡವನ್ನು ಯಾರೂ ಹಿಂದಕ್ಕೆ ಸರಿಸುವುದಿಲ್ಲ.

ಹಾಗಾದರೆ ಬಯಲಿಗೆ ಪಾಸ್ ಯಾಕೆ ಬಂತು? ಕಾರಣ ಸರಿಯಾಗಿಯೇ ಇದೆ. ನಗರದ ಬಯಲು ರಂಗಮಂದಿರಕ್ಕೆ ಕಾಂಪೌಂಡ್ ಇದೆ, ಗೇಟು ಇದೆ, ಕೂರಲು ಕಟ್ಟಿದ ಮೆಟ್ಟಿಲಿದೆ. ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯ ಬಯಲು ರಂಗಮಂದಿರದಲ್ಲಿ ದಸರಾ ಯುವ ಸಂಭ್ರಮದ ಸಂಜೆ ಹೋಗಿ ನೋಡಿ. ಕಾಲೇಜು ಹುಡುಗ ಹುಡುಗಿಯರು ಮೆಟ್ಟಿಲು ತುಂಬಿ ಕೂತಿರುತ್ತಾರೆ. ಒಂದು ಮಿತಿ ದಾಟಿದರೆ ಅಪಾಯ.

2025 ಈ ಅಪಾಯವನ್ನು ಎರಡು ಸಲ ತೋರಿಸಿತು. ಜನವರಿ 8ರಂದು ತಿರುಪತಿಯಲ್ಲಿ ವೈಕುಂಠ ದ್ವಾರ ದರ್ಶನದ ಟೋಕನ್‌ಗಾಗಿ ಕಾದಿದ್ದವರ ನಡುವೆ ನೂಕುನುಗ್ಗಲಾಗಿ 6 ಜನ ತೀರಿಕೊಂಡರು. ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಸ್ಟೇಡಿಯಂ ಹೊರಗೆ ಆರ್‌ಸಿಬಿ ವಿಜಯೋತ್ಸವಕ್ಕೆ ಬಂದಿದ್ದ 11 ಜನ ಸತ್ತರು. ಪಾಸ್ ಬೇಕೋ ಬೇಡವೋ, ಎಲ್ಲಿ ಸಿಗುತ್ತದೆ, ಎಷ್ಟು ಜನಕ್ಕೆ ಜಾಗ ಇದೆ ಎಂಬುದೇ ಅಲ್ಲಿ ಬಂದವರಲ್ಲಿ ಎಷ್ಟೋ ಜನಕ್ಕೆ ತಿಳಿದಿರಲಿಲ್ಲ. ಅದೇ ವರ್ಷ ರಾಜ್ಯ ಸರ್ಕಾರ ಜನಸಂದಣಿ ನಿಯಂತ್ರಣಕ್ಕೆ ಮಸೂದೆಯನ್ನೂ ತಂದಿತು. ಆಯೋಜಕರ ಹೊಣೆ, ಪರ್ಮಿಷನ್, ದಂಡ ಎಲ್ಲ ಬೇಕು. ಆದರೆ ಈ ಎರಡು ದುರಂತಗಳಲ್ಲಿ ನನಗೆ ಕಾಣುವುದು ಒಂದು ಸರಳ ಸಂಗತಿ. ಎಷ್ಟು ಇದೆ ಎಂದು ಗೊತ್ತಿಲ್ಲದ ಜನ ನುಗ್ಗುತ್ತಾರೆ. ನನಗೂ ಒಂದು ಸಿಕ್ಕೇ ಸಿಗುತ್ತದೆ ಎಂದು ಗೊತ್ತಿರುವವರು ನುಗ್ಗುವುದಿಲ್ಲ. ಸಿಗುವುದಿಲ್ಲ ಎಂದು ಮೊದಲೇ ಗೊತ್ತಾದವರು ಮನೆಗೆ ಹೋಗುತ್ತಾರೆ. ನೂಕುವವರು ನಡುವೆ ಸಿಕ್ಕಿಕೊಂಡವರು.

ಕಾಯುವುದರ ಬಗ್ಗೆ ಡೇವಿಡ್ ಮೈಸ್ಟರ್ ಎಂಬುವರು 1985ರಲ್ಲಿ ಬರೆದ ಮಾತುಗಳನ್ನು ಬ್ಯಾಂಕು, ವಿಮಾನ ಕಂಪನಿಗಳು ಇಂದಿಗೂ ಪಾಠದ ಹಾಗೆ ಓದುತ್ತವೆ. ಎಷ್ಟು ಹೊತ್ತು ಎಂದು ಗೊತ್ತಿಲ್ಲದೆ ಕಾಯುವುದು, ಗೊತ್ತಿದ್ದು ಕಾಯುವುದಕ್ಕಿಂತ ಉದ್ದ ಅನಿಸುತ್ತದೆ. ಯಾಕೆ ತಡ ಎಂದು ಹೇಳದಿದ್ದರೆ ಇನ್ನೂ ಉದ್ದ. ಅನ್ಯಾಯ ಆಗುತ್ತಿದೆ ಅನಿಸಿದರೂ ಹಾಗೇ ಉದ್ದ. ಆ ದಿನ ನಮಗೆ ಮೂರೂ ಒಟ್ಟಿಗೆ ಆಗಿತ್ತು.

ಕಾಣದ ಇನ್ನೊಂದು ಸಾಲು

ಈಗ ಅನ್ಯಾಯದ ಮಾತಿಗೆ ಬರುತ್ತೇನೆ. ನನ್ನ ಪ್ರಕಾರ ಇಡೀ ವಿಷಯದ ಗಂಟು ಇರುವುದು ಇಲ್ಲೇ.

ಸಾಲಿನಲ್ಲಿ ಯಾರಾದರೂ ಮಧ್ಯೆ ತೂರಿದರೆ ನಮಗೆ ಬಹಳ ಸಿಟ್ಟು. ಸ್ಟ್ಯಾನ್ಲಿ ಮಿಲ್‌ಗ್ರಾಮ್ ಎಂಬ ಮನಶ್ಶಾಸ್ತ್ರಜ್ಞ ಮತ್ತು ಅವರ ಜೊತೆಯವರು ನ್ಯೂಯಾರ್ಕಿನ 129 ಸಾಲುಗಳಲ್ಲಿ ಬೇಕೆಂದೇ ಮಧ್ಯೆ ತೂರಿಕೊಳ್ಳುವವರನ್ನು ಕಳಿಸಿ ಏನಾಗುತ್ತದೆ ಎಂದು ನೋಡಿದ್ದರು. 1986ರಲ್ಲಿ ಅದು ಪ್ರಕಟವಾಯಿತು. ತಕರಾರು ಎತ್ತಿದವರಲ್ಲಿ ತೂರಿದವನ ಹಿಂದೆ ನಿಂತಿದ್ದವರೇ ಜಾಸ್ತಿ. ಮುಂದೆ ಇದ್ದವರಿಗೆ ಅಷ್ಟು ಚಿಂತೆ ಇಲ್ಲ, ಅವರ ಜಾಗ ಹೋಗುವುದಿಲ್ಲವಲ್ಲ. ನಮ್ಮ ಸಾಲಿನಲ್ಲೂ ಹಾಗೇ ಆಯಿತು. ಒಬ್ಬ ಹುಡುಗ ಸ್ನೇಹಿತನ ಪಕ್ಕ ಬಂದು ನಿಂತಾಗ ಹಿಂದಿನ ಹತ್ತು ಜನ ಕೂಗಿದರು. ಹುಡುಗ ತಲೆ ತಗ್ಗಿಸಿ ಹಿಂದೆ ಹೋದ.

ಆದರೆ ಅದೇ ಹೊತ್ತಿಗೆ ಕಾರುಗಳು ಬಂದು ಪಕ್ಕದ ಗೇಟಿನಲ್ಲಿ ನಿಲ್ಲುತ್ತಿದ್ದವು. ಯಾರೋ ಇಳಿದು ಒಳಗೆ ಹೋಗಿ ಒಂದು ಕವರ್ ಹಿಡಿದುಕೊಂಡು ಬರುತ್ತಿದ್ದರು. ಅವರನ್ನು ಯಾರೂ ಕೂಗಲಿಲ್ಲ. ಅವರು ನಮ್ಮ ಸಾಲಿನಲ್ಲಿ ಇರಲೇ ಇಲ್ಲವಲ್ಲ! ಒಂದು ಪಾಸ್‌ಗೆ ಮಧ್ಯೆ ನುಗ್ಗಿದ ಹುಡುಗ ನಮ್ಮ ಕಣ್ಣಿಗೆ ಬಿದ್ದ. ಕಟ್ಟುಗಟ್ಟಲೆ ಪಾಸ್ ಹೋದದ್ದು ಬೀಳಲಿಲ್ಲ.

ಇದಕ್ಕೆ ನಮ್ಮ ಕಡೆ ವಶೀಲಿ ಅನ್ನುತ್ತಾರೆ. ದಸರಾ ಬಂತು ಎಂದರೆ ಮೈಸೂರಿನವರ ಫೋನಿಗೆ ನೆಂಟರ ಕರೆ ಶುರು. "ಎರಡು ಪಾಸ್ ಮಾಡಿಸಿಕೊಡಿ." ಈ ಮಾಡಿಸಿಕೊಡುವುದು ಎಂಬ ಮಾತನ್ನೇ ಗಮನಿಸಿ. ಪಾಸ್ ತೆಗೆದುಕೊಳ್ಳುವ ವಸ್ತು ಅಲ್ಲ, ಯಾರ ಕೈಯಲ್ಲೋ ಮಾಡಿಸಬೇಕಾದ ಕೆಲಸ. ಗುರುತು ಪರಿಚಯ ಇದ್ದವರಿಗೆ ಆಗುತ್ತದೆ. ಇದರಲ್ಲಿ ನನಗೂ ಪಾಲಿದೆ. ನಾನೂ ಒಂದೆರಡು ಸಲ ಹಾಗೆ ಪಾಸ್ ತೆಗೆದುಕೊಂಡಿದ್ದೇನೆ. ಆ ಅಜ್ಜಿಯ ಪಕ್ಕ ನಿಂತ ದಿನದಿಂದ ಬಿಟ್ಟಿದ್ದೇನೆ.

ಕೆಲವು ಕಡೆ ದುಡ್ಡಿನ ದಾರಿ ನೇರವಾಗಿಯೇ ಇದೆ. 2024ರಲ್ಲಿ ಜಂಬೂಸವಾರಿ, ಪಂಜಿನ ಕವಾಯತು ನೋಡಲು ಕೊಡುವ ದಸರಾ ಗೋಲ್ಡ್ ಕಾರ್ಡ್‌ಗೆ 6500 ರೂಪಾಯಿ ಇತ್ತು. ಹಾಡು ಕುಣಿತದ ಯುವ ದಸರಾ ಊರಾಚೆಯ ಉತ್ತನಹಳ್ಳಿಗೆ ಹೋದ ಆ ವರ್ಷ ಮುಂದಿನ ಸೀಟುಗಳಿಗೆ ಸಾವಿರಾರು ರೂಪಾಯಿ ಟಿಕೆಟ್ ಇಟ್ಟರು, ಹಿಂದೆ ಉಚಿತ. ಇದನ್ನು ಎಷ್ಟೋ ಜನ ಟೀಕಿಸಿದರು. ನಾನು ಅಷ್ಟು ಕಟುವಾಗಿ ಟೀಕಿಸಲಾರೆ. ಬೆಲೆ ಬೋರ್ಡಿನ ಮೇಲೆ ಇದೆ. ಕೊಟ್ಟವರು ಕೊಟ್ಟರು, ಬಂದ ಹಣ ಲೆಕ್ಕಕ್ಕೆ ಸಿಗುತ್ತದೆ. ವಶೀಲಿಯ ಪಾಸ್‌ಗೆ ಬೆಲೆಯೂ ಇಲ್ಲ, ಲೆಕ್ಕವೂ ಇಲ್ಲ.

ಅದಕ್ಕಿಂತ ಹೊಟ್ಟೆ ಉರಿಸುವ ದೃಶ್ಯ ಸಂಜೆ ಕಾಣುತ್ತದೆ. ಬ್ಯಾರಿಕೇಡ್ ಹಿಂದೆ ಜನ ನಿಂತುಕೊಂಡು, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ನೋಡುತ್ತಿರುತ್ತಾರೆ. ಮುಂದೆ ಬಿಳಿ ಬಟ್ಟೆ ಹೊದಿಸಿದ ಸೋಫಾಗಳು ಅರ್ಧ ಖಾಲಿ. ಸುಮ್ಮನೆ ಬಂದ ಪಾಸ್ ಅಲ್ವಾ, ಮಳೆ ಹನಿಯಿತು, ಮನೆಗೆ ಯಾರೋ ಬಂದರು, ಹೋಗಲಿಲ್ಲ. ಕಾದು ಪಡೆದವರು ಹಾಗೆ ಬಿಡುವುದಿಲ್ಲ. ಐದು ಗಂಟೆ ನಿಂತು ಪಡೆದ ಪಾಸನ್ನು ಯಾರೂ ಮೇಜಿನ ಮೇಲೆ ಮರೆತು ಹೋಗುವುದಿಲ್ಲ.

ಆನ್‌ಲೈನ್ ಮಾಡಿದರೆ?

ಎಲ್ಲರೂ ಮೊದಲು ಹೇಳುವ ಪರಿಹಾರ ಇದು. ಸಾಲೇ ಬೇಡ, ಫೋನಿನಲ್ಲಿ ಬುಕ್ ಮಾಡಲಿ. ಬಿಸಿಲಿಲ್ಲ, ನೂಕುನುಗ್ಗಲಿಲ್ಲ. ಒಳ್ಳೆಯದೇ. ಆದರೆ ಹತ್ತು ಗಂಟೆಗೆ ಬುಕಿಂಗ್ ತೆರೆದರೆ ಹತ್ತೂ ಐದಕ್ಕೆ ಮುಗಿಯುತ್ತದೆ. ಅದೂ ಒಂದು ಸಾಲು, ಬೆರಳಿನ ವೇಗದ ಸಾಲು. ಅದರಲ್ಲಿ ಕಿರುಗಾವಲಿನ ಅಜ್ಜಿ ಮೊದಲೇ ಹೊರಗೆ. ಒಟಿಪಿ ಬರುವಷ್ಟರಲ್ಲಿ ಸೀಟು ಹೋಗಿರುತ್ತದೆ. ಬುಕ್ ಮಾಡಲು ಕಷ್ಟ ಇಲ್ಲದಿದ್ದರೆ ಬಿಡಲೂ ಕಷ್ಟ ಇಲ್ಲ, ಹಾಗಾಗಿ ಖಾಲಿ ಸೀಟು ಇನ್ನೂ ಜಾಸ್ತಿ.

ಲಾಟರಿ ಇದಕ್ಕಿಂತ ವಾಸಿ. ಎರಡು ದಿನ ಹೆಸರು ಕೊಡಲು ಸಮಯ ಕೊಟ್ಟು ಆಮೇಲೆ ಎತ್ತಿದರೆ ವೇಗದ ಮಾತು ಬರುವುದಿಲ್ಲ. ಗ್ರಾಮ ಪಂಚಾಯಿತಿಯಲ್ಲೋ ಗ್ರಾಮ ಒನ್ ಕೇಂದ್ರದಲ್ಲೋ ಹೆಸರು ಬರೆಸುವ ಅವಕಾಶ ಇದ್ದರೆ ಮಳವಳ್ಳಿ, ತಿ.ನರಸೀಪುರ, ನಂಜನಗೂಡಿನವರು ಮೈಸೂರಿಗೆ ಎರಡು ಸಲ ಬರಬೇಕಾಗಿಲ್ಲ. ಚೀಟಿ ಎತ್ತುವುದು ನಮ್ಮ ಹೆಂಗಸರಿಗೆ ಹೊಸದಲ್ಲ. ಚೀಟಿ ಸಂಘದಲ್ಲಿ ತಿಂಗಳು ತಿಂಗಳು ಎತ್ತುತ್ತಾರೆ, ಯಾರೂ ಅನುಮಾನ ಪಡುವುದಿಲ್ಲ. ಎಲ್ಲರ ಎದುರು ಎತ್ತುತ್ತಾರೆ, ಅದಕ್ಕೆ.

ಆದರೂ ಸಾಲನ್ನು ಪೂರ್ತಿ ತೆಗೆಯುವುದು ನನಗೆ ಇಷ್ಟವಿಲ್ಲ. ಸಾಲು ಬರೀ ಕಷ್ಟ ಅಲ್ಲ. 2010ರಲ್ಲಿ ಮೈಸೂರಿನ ರಂಗಾಯಣ ಕುವೆಂಪು ಅವರ ಮಲೆಗಳಲ್ಲಿ ಮದುಮಗಳು ಕಾದಂಬರಿಯನ್ನು ಸಿ.ಬಸವಲಿಂಗಯ್ಯ ಅವರ ನಿರ್ದೇಶನದಲ್ಲಿ ರಾತ್ರಿಯಿಡೀ, ಸುಮಾರು 9 ಗಂಟೆ, ಬಯಲಲ್ಲಿ ಆಡಿತು. ಜನ ಶಾಲು, ಸ್ವೆಟರ್, ತಿಂಡಿ ಕಟ್ಟಿಕೊಂಡು ಬಂದು ಬೆಳಗಿನ ತನಕ ಕೂತರು. ಒಂದು ವೇದಿಕೆಯಿಂದ ಇನ್ನೊಂದಕ್ಕೆ ಎದ್ದು ನಡೆದರು. ಕಾಯುವುದು, ನಡೆಯುವುದು, ನಿದ್ದೆಗೆಡುವುದು ಎಲ್ಲ ಆ ನಾಟಕದ ಒಳಗೇ ಸೇರಿತ್ತು. 1989ರಲ್ಲಿ ಬಿ.ವಿ.ಕಾರಂತರು ರಂಗಾಯಣ ಕಟ್ಟಲು ಬಂದಾಗಿನಿಂದ ಈ ಊರು ನಾಟಕಕ್ಕೆ ಕಾಯುವುದನ್ನು ಕಲಿತಿದೆ. ಸಾಲಿನಲ್ಲಿ ಪಕ್ಕದವರ ಚಿತ್ರಾನ್ನ ತಿಂದು, ನಾಟಕದ ಬಗ್ಗೆ ಮಾತಾಡಿ, ಒಳಗೆ ಹೋದಾಗ ನಾವು ಆಗಲೇ ಅರ್ಧ ಪ್ರೇಕ್ಷಕರಾಗಿರುತ್ತೇವೆ. ಆ ಸುಖವನ್ನು ಕಳೆದುಕೊಳ್ಳಬೇಕಾಗಿಲ್ಲ.

ಸಾಲು ಇರಲಿ. ಆದರೆ ಅದು ನಿಜ ಹೇಳುವ ಸಾಲಾಗಲಿ. ನಾನು ಕೇಳುವುದು ದೊಡ್ಡದೇನೂ ಅಲ್ಲ. ಗೇಟಿನಲ್ಲಿ ಒಂದು ಬೋರ್ಡು. ಒಟ್ಟು ಸೀಟು ಇಷ್ಟು. ಅತಿಥಿಗಳಿಗೆ ಇಷ್ಟು, ಕಲಾವಿದರ ಮನೆಯವರಿಗೆ ಇಷ್ಟು, ಲಾಟರಿಗೆ ಇಷ್ಟು, ಈ ಕೌಂಟರಿಗೆ ಇಷ್ಟು. ಬರೆದು ಹಾಕಿದ ಮೇಲೆ ಕಟ್ಟುಗಟ್ಟಲೆ ಕೊಡುವ ಕೈ ತಾನಾಗಿ ಹಿಂಜರಿಯುತ್ತದೆ. ಬೆಳಿಗ್ಗೆ ಬಂದವರಿಗೆ ಬಂದ ಕೂಡಲೇ ನಂಬರ್ ಬರೆದ ಟೋಕನ್ ಕೊಡಲಿ. ಟೋಕನ್ ಮುಗಿದ ಕೂಡಲೇ "ಇನ್ನು ನಿಲ್ಲಬೇಡಿ" ಎಂದು ಹೇಳಲು ಒಬ್ಬರು ಸಾಲಿನ ಕೊನೆಯಲ್ಲಿ ಇರಲಿ. ಟೋಕನ್ ಇದ್ದರೆ ನೆರಳಿಗೆ ಹೋಗಬಹುದು, ಕಾಫಿ ಕುಡಿಯಬಹುದು, ಶೌಚಾಲಯಕ್ಕೆ ಹೋಗಿ ಬರಬಹುದು. ಹೆಂಗಸರಿಗೆ ಈ ಕೊನೆಯದು ಎಷ್ಟು ದೊಡ್ಡ ವಿಷಯ ಎಂದು ವ್ಯವಸ್ಥೆ ಮಾಡುವವರು ಯೋಚಿಸಿದಂತೆ ಕಾಣುವುದಿಲ್ಲ. ನೀರು ಕುಡಿಯದೆ ಐದು ಗಂಟೆ ನಿಂತವರನ್ನು ನಾನು ಆ ದಿನ ನೋಡಿದೆ.

ಇನ್ನೊಂದು. ನಾಟಕ ಶುರುವಾಗಿ ಹತ್ತು ನಿಮಿಷಕ್ಕೆ ಖಾಲಿ ಉಳಿದ ಕಾಯ್ದಿರಿಸಿದ ಸೀಟುಗಳನ್ನು ಹೊರಗೆ ನಿಂತವರಿಗೆ ಬಿಟ್ಟುಬಿಡಲಿ, ಸೋಫಾ ಸಮೇತ. ಇದಕ್ಕೆ ಪೈಸೆ ಖರ್ಚಿಲ್ಲ. ಗೇಟಿನಲ್ಲಿರುವ ಪೊಲೀಸಿನವರಿಗೂ ನಿರಾಳ.

ಮತ್ತೆ ಕೊನೆಯ ಬಸ್ಸು. ಉಚಿತ ನಾಟಕ ರಾತ್ರಿ ಹತ್ತಕ್ಕೆ ಮುಗಿದರೆ ಹಳ್ಳಿಯವರು ಹೇಗೆ ಹೋಗಬೇಕು? ಕಾರ್ಯಕ್ರಮ ಒಂದು ಗಂಟೆ ಮೊದಲು ಶುರು ಮಾಡಿದರೂ ಆದೀತು. ಇಲ್ಲ, ಹತ್ತೂವರೆಗೆ ಮಂಡ್ಯ, ಮಳವಳ್ಳಿ, ನಂಜನಗೂಡಿಗೆ ಒಂದೊಂದು ಬಸ್ಸು ಹೆಚ್ಚಿಗೆ ಬಿಟ್ಟರೂ ಆದೀತು.

ಆ ಸಂಜೆ ನಾನು ರಂಗಮಂದಿರದ ಹತ್ತಿರ ಹೋದೆ. ಪಾಸ್ ಇರಲಿಲ್ಲ, ಸುಮ್ಮನೆ ಹೋದೆ. ಕಾಂಪೌಂಡ್ ಹೊರಗೆ ಒಂದಷ್ಟು ಜನ ನಿಂತು ಕೇಳುತ್ತಿದ್ದರು. ಮೈಕಿನಲ್ಲಿ ಮಾತು, ಹಾಡು ಎಲ್ಲ ಚೆನ್ನಾಗಿ ಕೇಳುತ್ತಿತ್ತು. ವೇದಿಕೆಯ ದೀಪದ ಬಣ್ಣ ಮರದ ಎಲೆಗಳ ಮೇಲೆ ಬೀಳುತ್ತಿತ್ತು. ಅಜ್ಜಿ ಅಲ್ಲೇ ಇದ್ದರು. ಮೊಮ್ಮಗಳು ಕಾಂಪೌಂಡ್‌ನ ಕಂಬಿ ಹಿಡಿದು ತುದಿಗಾಲಲ್ಲಿ ನಿಂತಿದ್ದಳು.

"ಹೋಗ್ಲಿಲ್ವಾ ಅಜ್ಜಿ?"

"ಬಂದಿದ್ದೀವಲ್ಲ, ಕೇಳ್ಕೊಂಡಾದ್ರೂ ಹೋಗವ ಅಂತ."

ಎಂಟೂವರೆಗೆ ಅವರು ಹೊರಟರು. ಬಸ್ಸಿಗೆ ಹೊತ್ತಾಗಿತ್ತು. ಹುಡುಗಿ ಕಂಬಿ ಬಿಡಲು ಒಪ್ಪಲಿಲ್ಲ. ಒಳಗೆ ಆಗಷ್ಟೇ ಯುದ್ಧದ ದೃಶ್ಯಕ್ಕೆ ನಗಾರಿ ಶುರುವಾಗಿತ್ತು.